ಅಂಜಮ್ಮನ ಕೆಂಪು ಗೆರೆ

ಅಂಗಳದಲ್ಲಿ ಹೆಂಡತಿ ಅಂಜಮ್ಮನ ಹೆಣ ಇಟ್ಟುಕೊಂಡು ಅಂಜಪ್ಪ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿ ಬೆಲ್ಟ್ ಬಿಗಿಮಾಡುತ್ತಿದ್ದ. ಬಿಳಿ ಸೀರೆಯುಟ್ಟು ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಎಂದಳು ಒಬ್ಬಳು. ಅದು ನೆಟ್ಟಗಿದ್ದದ್ದು ಯಾವಾಗ ಎಂದಳು ಇನ್ನೊಬ್ಬಳು.

ಅಣ್ಣನ ಮಗ ನರೇಶ ಬಂದು ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. ಅಂಜಪ್ಪನಿಗೆ ಕೇಳುವುದು ಅಷ್ಟಕ್ಕಷ್ಟೇ.

“ಕಾಕಾ, ವ್ಯಾನ್ ಬಂದದ!”

“ಆಕೀನ್ನ ಮಣ್ಣು ಮಾಡೂ ನಾಗಲಗಿದ್ದದ ಗುಡ್ಡ ಹತ್ತತದೇನು ನಿನ್ನ ವ್ಯಾನು?”

“ಕೆಳಗ ನಿಲ್ಲಸ್ತೀವಿ. ಮ್ಯಾಲಕ ಹೊತ್ಕೊಂಡು ಹೋಗ್ತೀವಿ.”

“ನಕೋ. ಇಷ್ಟು ವರ್ಷ ಈ ಜೀಪಿನಾಗ ನನ್ನ ಬಾಜೂಕ ಕುಂತಾಕಿ. ಇವತ್ತೂ ಇದರಾಗೇ ಹೋಗ್ತಾಳ.”

“ನಿನಗ ಕೇಳಸಂಗಿಲ್ಲಲ್ಲ ಕಾಕಾ! ಏರಿನಾಗ ಎಂಜಿನ್ ಬಡದು ಪಿಸ್ಟನ್ ಮುರಿದ್ರ, ಕಾಕೀನ್ನ ನಡು ಹಾದ್ಯಾಗ ಇಟ್ಕೊಂಡು ಕೂಡಬೇಕೇನು?”

ಆ ಮಾತು ಅಂಜಪ್ಪನಿಗೆ ಸರಿಯಾಗಿ ಕೇಳಿಸಿತು. ಸ್ಪ್ಯಾನರ್ ಹಿಡಿದ ಕೈ ನಿಂತಿತು. ಬೆಳಗಿನಿಂದ ಅವನನ್ನು ತಿನ್ನುತ್ತಿದ್ದ ಭಯವೂ ಅದೇ.

ತಾಂಡೂರಿನಿಂದ ಬಂದಿದ್ದ ಗಿರಾಕಿ ಜ್ಞಾನೇಶ್ವರ ಹೆಣದ ಕಾಲಿಗೆ ಹೂವಿಟ್ಟು ಹೇಳಿದ, “ನಮ್ಮ ಗಾಡಿಗೂ ಇವರೇ ಕಿವಿ ಕೊಟ್ಟಿದ್ರು. ಅವತ್ತಿನಿಂದ ಎಂಜಿನ್ ಬಿಚ್ಚೇ ಇಲ್ಲ.”

ಅಂಜಮ್ಮನ ಅಕ್ಕ ಭೀಮವ್ವ ಅಳುವುದನ್ನು ಅಲ್ಲಿಗೇ ನಿಲ್ಲಿಸಿದಳು. “ನಮ್ಮ ತಂಗಿ ರೊಟ್ಟಿ ಬಡೀತಿದ್ದಳು. ಆಕಿಗೆ ಗಾಡಿದೇನು ಗೊತ್ರಿ?”

*

ಜಹೀರಾಬಾದಿನಲ್ಲಿ, ಕೊಹೀರ್ ಕಡೆಗೆ ಹೋಗುವ ರಸ್ತೆಯಲ್ಲಿ ಅಂಜಪ್ಪನ ತಗಡಿನ ಗ್ಯಾರೇಜು. ಗುಜರಿಯಿಂದ ತಂದ ಸೂಪರ್‌ಚಾರ್ಜರನ್ನು ಅವನು ತನ್ನ ಹಳೇ ಪೆಟ್ರೋಲ್ ಜೀಪಿಗೆ ಕೂರಿಸಿದಾಗ, ಮುದುಕನಿಗೆ ಎರಡನೇ ಮದುವೆ ಮಾಡಿಸಿದೆಯಲ್ಲೋ ಎಂದು ಬಜಾರೆಲ್ಲ ನಕ್ಕಿತ್ತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ತುಂಬಿದಷ್ಟೂ ಕಸುವು. ಆಸೆ ಅತಿಯಾದರೆ ಮಾತ್ರ ಒಳಗಿನ ಪೆಟ್ರೋಲು ಹದ ತಪ್ಪಿ ಸಿಡಿದು ಪಿಸ್ಟನ್ನಿಗೆ ಏಟು ಹಾಕುತ್ತದೆ. ಆಗ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಸಣ್ಣ ಸದ್ದು ಬರುತ್ತದೆ. ಅದು ಕೇಳಿದ ಕೂಡಲೇ ಆಕ್ಸಿಲರೇಟರ್ ಒತ್ತಿದ ಕಾಲು ಸಡಿಲಿಸಬೇಕು.

ತಗಡು ಬಡಿದೂ ಬಡಿದೂ ಅಂಜಪ್ಪನ ಕಿವಿ ಆಗಲೇ ಹೋಗಿತ್ತು. ಸಾಲದ್ದಕ್ಕೆ ಮೊದಲಿನಿಂದಲೂ ಒತ್ತುವ ಚಟ. ಎರಡು ಎಂಜಿನ್ ಹಾಳುಮಾಡಿ, ಮೂರನೆಯದಕ್ಕೆ ಕೈ ಹಾಕಿದಾಗ ಅಂಜಮ್ಮ ಹಿಟ್ಟಿನ ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಜೀಪು ಏರು ಹತ್ತುವಾಗ ಕಣ್ಣು ಮುಚ್ಚಿ ಕೇಳಿದಳು. ಅವನ ಮೊಣಕಾಲಿಗೆ ಒಮ್ಮೆ ತಟ್ಟಿದಳು. ಆಮೇಲೆ ಒತ್ತಡದ ಮೀಟರಿನ ಗಾಜಿನ ಮೇಲೆ, ತಟ್ಟಿದಾಗ ಮುಳ್ಳು ಇದ್ದ ಕಡೆ, ಮಗಳ ಉಗುರುಬಣ್ಣದಿಂದ ಗೆರೆ ಎಳೆದಳು.

“ಇದರ ಮ್ಯಾಲ ಹೋಗಬ್ಯಾಡ್ರಿ.”

“ಜರಾ ಮ್ಯಾಲ ನೋಡೂಣಲ್ಲ?”

“ನೋಡಾಕ ಏನದ? ಕೇಳಾಕಿ ನಾನು.”

ಅಲ್ಲಿಗೆ ಮಾತು ಮುಗಿಯಿತು. ಮುಂದೆ ಯಾರ ಗಾಡಿ ಬಂದರೂ ಅಂಜಮ್ಮ ಕೂತು ತಟ್ಟಿದ ಮೇಲೇ ಅದು ಗ್ಯಾರೇಜು ಬಿಡುತ್ತಿತ್ತು.

*

ಬುದ್ಧನ ತ್ರಿಶರಣ ಹೇಳಿ ಹೆಣವನ್ನು ಜೀಪಿನ ಹಿಂಭಾಗದಲ್ಲಿ ಮಲಗಿಸಿದರು. ನರೇಶ, ಭೀಮವ್ವ ಅದರ ಪಕ್ಕ ಕೂತರು. ತಾಂಡೂರಿನಲ್ಲಿ ನರ್ಸ್ ಆಗಿರುವ ಮಗಳು ಧಮ್ಮಶೀಲಾ ಯಾರನ್ನೂ ಕೇಳದೆ ತಾಯಿಯ ಸೀಟಿಗೆ ಹತ್ತಿದಳು.

“ನಾ ಕೇಳ್ತೀನಿ ಅಪ್ಪಾ. ನೀ ನಡೆಸು.”

ನಾರಾಯಣಖೇಡ ದಾಟುವವರೆಗೆ ಜೀಪು ನಿರಾಳವಾಗಿ ಹೋಯಿತು. ನಾಗಲಗಿದ್ದದ ಗುಡ್ಡದ ಬುಡದಲ್ಲಿ ಊರಿನವರು ಬಿಳಿ ಬಟ್ಟೆಯಲ್ಲಿ ಕಾದಿದ್ದರು. ಜಾಗ ಬಿಟ್ಟು ಬದಿಗೆ ಸರಿದರು. ಏರಿನ ನಡುವಿನಲ್ಲಿ ಜಲ್ಲಿ ಕಿತ್ತು ಹೋಗಿತ್ತು. ಭಾರಕ್ಕೆ ಜೀಪು ಏದುಸಿರು ಬಿಡತೊಡಗಿತು. ಮುಳ್ಳು ಏರಿ ಏರಿ ಕೆಂಪು ಗೆರೆ ಮುಟ್ಟಿತು. ಇನ್ನೇನು ಚಕ್ರ ನಿಲ್ಲಬೇಕು. ನರೇಶ ಚಕ್ರಕ್ಕೆ ಕಲ್ಲು ಕೊಡಲು ಹಾರಿ ಇಳಿದ.

ಅಂಜಪ್ಪನ ಕಾಲು ಮುಂದೆ ಹೋಗಲೊಲ್ಲದು. ಮೊಣಕಾಲು ಆ ತಟ್ಟುವ ಕೈಗಾಗಿ ಕಾಯುತ್ತಿತ್ತು.

“ಒತ್ತು ಅಪ್ಪಾ! ಸಪ್ಪಳ ಇಲ್ಲ!”

“ಗೆರಿ ಬಂತಲ್ಲ!”

“ಬಂದ್ರ ಬರ್ಲಿ! ಒತ್ತು!”

ಅವನು ಉಸಿರು ಬಿಗಿಹಿಡಿದು ಒತ್ತಿದ. ಮುಳ್ಳು ಗೆರೆ ದಾಟಿತು. ಏನೂ ಮುರಿಯಲಿಲ್ಲ. ಜೀಪು ಒಮ್ಮೆ ಮೈ ಕೊಡವಿ ಜಲ್ಲಿಯಿಂದ ಎದ್ದು ಹತ್ತಿತು. ಮುಳ್ಳು ಗೆರೆಯಿಂದ ಒಂದು ಬೆರಳು ಆಚೆ ಹೋದಾಗ ಧಮ್ಮಶೀಲಾ ಅವನ ಮೊಣಕಾಲಿಗೆ ತಟ್ಟಿದಳು. ಅವನು ಕಾಲು ಸಡಿಲಿಸಿದ. ಅಷ್ಟರಲ್ಲಿ ಜೀಪು ಗುಡ್ಡದ ತಲೆಯ ಮೇಲಿತ್ತು.

“ಸಪ್ಪಳ ಈಗ ಬಂತೇನು?” ಎಂದು ಅಂಜಪ್ಪ ಬೆರಗಾಗಿ ಕೇಳಿದ.

“ಈಗೇ ಬಂತು.”

“ಮತ್ತ ನಿಮ್ಮವ್ವ ಗೆರಿ ಹತ್ರಾನೇ ತಟ್ಟತಿದ್ದಳಲ್ಲ!”

ಧಮ್ಮಶೀಲಾ ಅವನ ಕಿವಿಯ ಹತ್ತಿರ ಬಗ್ಗಿದಳು. “ಸಣ್ಣಾಕಿದ್ದಾಗ ಹಿಂದ ಕುಂತು ನಾನೂ ಕೇಳತಿದ್ನಿ ಅಪ್ಪಾ. ಅವ್ವ ತಟ್ಟಿದಾಗ ಸಪ್ಪಳಾನೇ ಇರ್ತಿರಲಿಲ್ಲ. ಯಾಕಂತ ಕೇಳಿದ್ದಕ್ಕ ಬಾಯಿ ಮುಚ್ಚು ಅಂದಳು. ‘ಗೆರಿ ಮ್ಯಾಲ ಇನ್ನಾ ಜಾಗ ಅದ ಅಂತ ಗೊತ್ತಾದ್ರ ನಿಮ್ಮಪ್ಪ ಅಲ್ಲೀತನಾ ಹೋಗ್ತಾನ’ ಅಂದಳು.”

ಅಂಜಪ್ಪನಿಗೆ ಮೊದಲು ನಗು ಬಂತು. ಹೆಣ ಇಳಿಸಲು ಬಂದವರು ದಂಗಾಗಿ ನಿಂತರು. ಆಮೇಲೆ ಸ್ಟೀಯರಿಂಗಿಗೆ ಹಣೆ ಹಚ್ಚಿ, ಬೆಳಗಿನಿಂದ ಅಳದಿದ್ದನ್ನೆಲ್ಲ ಅತ್ತ.

“ಮೋಸ ಮಾಡ್ಯಾಳ ನೋಡು,” ಎಂದ. “ಅಷ್ಟೂ ವರ್ಷ ಮೋಸ ಮಾಡ್ಯಾಳ.”

ಹಿಂದಿನಿಂದ ಭೀಮವ್ವ ಅವನ ಬೆನ್ನು ಸವರಿದಳು. ನಮ್ಮ ತಂಗಿಗೆ ಗಾಡಿದೇನು ಗೊತ್ತು ಎಂದು ಮತ್ತೆ ಕೇಳಲಿಲ್ಲ.

*

ಮಣ್ಣು ಕೊಟ್ಟು ಹೊರಟಾಗ ಹೊತ್ತು ಇಳಿದಿತ್ತು. ಹಿಂದಿನ ಸೀಟಿನಿಂದ ನರೇಶ ಮುಂದಕ್ಕೆ ಬಾಗಿ, ಮೀಟರಿನ ಗಾಜಿಗೆ ಉಗುರು ಹಚ್ಚಿದ.

“ಕಾಕಾ, ಇದನ್ನ ಕೆರದು ತಗದು, ಖರೇ ಜಾಗಾಕ ಹೊಸ ಗೆರಿ ಹಾಕೂಣೇನು?”

ಅಂಜಪ್ಪ ಅವನ ಕೈಯನ್ನು ಮೆಲ್ಲಗೆ ಆಚೆ ಸರಿಸಿದ.

ನಾರಾಯಣಖೇಡದ ಏರಿನಲ್ಲಿ ಒಂದರ ಹಿಂದೊಂದು ಲಾರಿಗಳು ಹಾರ್ನ್ ಹೊಡೆಯುತ್ತ ಅವರನ್ನು ದಾಟಿ ಹೋದವು. ಜೀಪು ಹಗುರಾಗಿತ್ತು, ಎಂಜಿನ್ನಿಗೆ ಕಸುವಿತ್ತು. ಮೀಟರಿನ ಮುಳ್ಳು ಮಾತ್ರ ಕೆಂಪು ಗೆರೆಯ ಕೆಳಗೆ, ಕೂದಲೆಳೆಯಷ್ಟು ಜಾಗ ಬಿಟ್ಟು, ಮನೆಯವರೆಗೂ ಅಲ್ಲೇ ನಡುಗುತ್ತಿತ್ತು.