ಇಂದಿರಾ ಒಪ್ಪಿಸಿ ಹೋದ ಹವಳ

ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಕಸ್ತೂರಿಯದಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನ ಮಾಡ್ಬರಿ ಬಡಾವಣೆಯ ಆ ಮನೆಯಲ್ಲಿ ಇದು ಗೋಡೆಗಳಿಗೂ ಗೊತ್ತು. ಗಂಡ ಡಾಕ್ಟರ್ ಪಂಚಾಕ್ಷರಿಗಂತೂ ಹದಿನೈದು ವರ್ಷದ ಅನುಭವ. ಆದರೂ ೧೯೮೭ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ಕಾಫಿ ಲೋಟ ಹಿಡಿದು ನಿಂತು, ಅವರು ಆಡಬಾರದ ಮಾತು ಆಡಿಬಿಟ್ಟರು.

"ಇದು ಹೋಯ್ತು ಅನ್ಸುತ್ತೆ ಕಣೇ."

"ಹೋಯ್ತು ಗೀಯ್ತು ಅಂತ ನನ್ನೆದುರಿಗೆ ಅನ್ಬೇಡ್ರೀ. ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಬಾಯಿಗೆ ಬೇರೆ ಮಾತೇ ಬರಲ್ವಾ?"

ಪಂಚಾಕ್ಷರಿ ಸರ್ಜನ್. ಎಷ್ಟೋ ಜನರ ಹೊಟ್ಟೆ ಕೊಯ್ದು ಹೊಲಿದವರು. ಹೆಂಡತಿಯ ಮುಂದೆ ಮಾತ್ರ ತಮ್ಮ ಬಾಯಿಗೇ ಹೊಲಿಗೆ ಹಾಕಿಕೊಳ್ಳುವುದು ಕ್ಷೇಮವೆಂದು ಕಲಿತಿದ್ದರು. ಲೋಟದ ಸಮೇತ ಒಳಗೆ ಹೋದರು.

ಹವಳ ಎಂದರೆ ನಮ್ಮ ಜನಕ್ಕೆ ಉಂಗುರದ ಕೆಂಪು ಕಲ್ಲು. ತೊಟ್ಟಿಯಲ್ಲಿದ್ದದ್ದು ಕಲ್ಲಲ್ಲ, ಜೀವ. ಮೆತ್ತನೆಯ ಜಾತಿಯ ಹವಳ. ದೊಡ್ಡ ಅಣಬೆಯ ಆಕಾರ, ಕೆನೆಯ ಬಣ್ಣ. ಮೈ ಚೆನ್ನಾಗಿದ್ದಾಗ ಅದರ ತಲೆಯ ತುಂಬ ಪುಟ್ಟ ಪುಟ್ಟ ಬೆರಳುಗಳು ಸಾವಿರಗಟ್ಟಲೆ ಹೊರಬಂದು ನೀರಿನಲ್ಲಿ ತೂಗಾಡುತ್ತಿದ್ದವು. ಈಗ ಹನ್ನೆರಡು ದಿನದಿಂದ ಒಂದು ಬೆರಳೂ ಹೊರಗೆ ಬಂದಿರಲಿಲ್ಲ. ತಲೆ ಮುದುಡಿತ್ತು, ಒಂದು ಅಂಚು ಕಂದು ಬಣ್ಣಕ್ಕೆ ತಿರುಗಿ ಕೊಳೆಯತೊಡಗಿತ್ತು.

ಸ್ವಂತದ್ದಾಗಿದ್ದರೆ ಕಸ್ತೂರಿ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಇದು ಗೆಳತಿ ಇಂದಿರಾಳದ್ದು. ನಿಜ ಹೇಳಬೇಕೆಂದರೆ ಇಂದಿರಾಳದ್ದೂ ಅಲ್ಲ, ಅವಳ ಗಂಡ ಡಾಕ್ಟರ್ ಗೋಪಾಲಕೃಷ್ಣರದ್ದು. ೧೯೭೪ರಲ್ಲಿ ಎರಡೂ ಜೋಡಿ ಪರ್ತ್‌ಗೆ ಬಂದಿಳಿದಾಗ ಒಂದೇ ಬಾಡಿಗೆ ಮನೆ, ಒಂದೇ ಕುಕ್ಕರ್, ಒಂದೇ ಹಳೆಯ ಕಾರು. ಭಾನುವಾರ ಆ ಕಾರಿನಲ್ಲೇ ಸ್ವಾನ್ ವ್ಯಾಲಿಗೆ ಹೋಗಿ, ದ್ರಾಕ್ಷಿ ತೋಟದ ಪಕ್ಕ ಕೂತು ಚಿತ್ರಾನ್ನ ತಿಂದು ಬರುತ್ತಿದ್ದರು. ಆಮೇಲೆ ಕೆಲಸ ಇವರನ್ನು ಅಡಿಲೇಡ್‌ಗೆ, ಅವರನ್ನು ಬ್ರಿಸ್ಬೇನ್‌ಗೆ ಎಳೆಯಿತು. ಬ್ರಿಸ್ಬೇನ್‌ನಲ್ಲಿ ಗೋಪಾಲಕೃಷ್ಣರಿಗೆ ಸಮುದ್ರದ ತೊಟ್ಟಿಯ ಹುಚ್ಚು ಹಿಡಿಯಿತು. ಮಕ್ಕಳಿರಲಿಲ್ಲ. ಹೆಬ್ಬೆರಳಿನಷ್ಟಿದ್ದ ಈ ಹವಳವನ್ನು ತಂದು ಐದು ವರ್ಷ ಸಾಕಿ ಊಟದ ತಟ್ಟೆಯಷ್ಟು ಮಾಡಿದ್ದರು. ಈ ಫೆಬ್ರವರಿಯಲ್ಲಿ ಒಂದು ಸಂಜೆ ಆಸ್ಪತ್ರೆಯಿಂದ ಬಂದು ಅದರ ಎದುರಿನ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಏಪ್ರಿಲ್‌ನಲ್ಲಿ ಇಂದಿರಾ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಡಲು ಮೈಸೂರಿಗೆ ಹೊರಟಳು. ಹೊರಡುವ ಮುಂಚೆ, ಬೀಳ್ಕೊಡಲು ಬ್ರಿಸ್ಬೇನ್‌ಗೆ ಬಂದಿದ್ದ ಕಸ್ತೂರಿಯ ಕೈ ಹಿಡಿದು, "ಸೆಪ್ಟೆಂಬರ್‌ನಲ್ಲಿ ಬಂದ್ಬಿಡ್ತೀನಿ. ಅವ್ರು ಕೈಯಾರೆ ಬೆಳೆಸಿದ ಜೀವ ಇದೊಂದೇ ಕಣೇ. ಇದೊಂದು ಇರ್ಲಿ ನನಗೆ," ಎಂದಿದ್ದಳು. ಕಸ್ತೂರಿ ಹವಳವನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ಬ್ರಿಸ್ಬೇನ್‌ನಿಂದ ಅಡಿಲೇಡ್‌ವರೆಗೆ ವಿಮಾನದಲ್ಲಿ ತೊಡೆಯ ಮೇಲೆ ಹೊತ್ತು ತಂದಳು. ತುಳುಕೀತೆಂದು ಕಾಫಿ ಕೂಡ ಮುಟ್ಟಲಿಲ್ಲ.

ಉಪಚಾರದಲ್ಲಿ ಅವಳು ಏನು ಕಡಿಮೆ ಮಾಡಿದ್ದಳು ಹೇಳಿ! ಅವಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ರೋಗಿಯ ಮಂಚಕ್ಕೆ ತೂಗುಹಾಕುವಂಥ ಚಾರ್ಟ್ ಒಂದನ್ನು ತೊಟ್ಟಿಯ ಪಕ್ಕ ತೂಗುಹಾಕಿ, ನೀರಿನ ಶಾಖ, ಉಪ್ಪು, ಅಮೋನಿಯಾ ಎಲ್ಲ ದಿನಕ್ಕೆರಡು ಸಲ ಬರೆಯುತ್ತಿದ್ದಳು. ಇಂದಿರಾ ಎರಡು ಪುಟ ಸೂಚನೆ ಬರೆದುಕೊಟ್ಟಿದ್ದಳು, ಅದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ತೊಟ್ಟಿಯ ನೀರು ಆವಿಯಾಗಿ ಆರಿದಷ್ಟಕ್ಕೆ ದಿನವೂ ಸಿಹಿನೀರು ಸೇರಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಅಡಿಲೇಡ್‌ನ ನಲ್ಲಿ ನೀರಿನ ವಾಸನೆಗೆ ಕಸ್ತೂರಿಯ ಮೂಗು ಇನ್ನೂ ಒಗ್ಗಿರಲಿಲ್ಲ. ಹಾಗಾಗಿ ಮನೆಯವರು ಕುಡಿಯುವ ತಾಮ್ರದ ಕೊಡದಿಂದಲೇ ಹವಳಕ್ಕೂ ಕೊಡುತ್ತಿದ್ದಳು. ಅಮ್ಮ ಮೈಸೂರಿನಿಂದ ಹೊರಿಸಿ ಕಳಿಸಿದ್ದ ಕೊಡ, ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸುತ್ತಿದ್ದದ್ದು. "ಅದಕ್ಕೂ ನಮ್ಮ ಕೊಡದ ನೀರೇ ಅಮ್ಮ," ಎಂದು ಊರಿಗೆ ಹೆಮ್ಮೆಯಿಂದ ಕಾಗದವನ್ನೂ ಬರೆದಿದ್ದಳು.

ಇಷ್ಟಾದರೂ ಹವಳ ಕುಗ್ಗುತ್ತಲೇ ಹೋಯಿತು. ಆ ಶನಿವಾರ ಪಂಚಾಕ್ಷರಿ ಮೆಲ್ಲಗೆ ಇನ್ನೊಂದು ದಾರಿ ಹೇಳಿದರು.

"ಬ್ರಿಸ್ಬೇನ್‌ನ ಅಂಗಡಿಯಿಂದ ಇದೇ ಥರದ್ದು ಇನ್ನೊಂದು ತರಿಸೋಣ. ಇಂದಿರಾಗೆ ಗೊತ್ತಾಗೋದಿಲ್ಲ."

"ನನಗೆ ಗೊತ್ತಿರುತ್ತಲ್ರೀ!" ಕಸ್ತೂರಿಗೆ ರೇಗಿಹೋಯಿತು. "ಗಂಡನ ನೆನಪು ಅಂತ ಅವಳು ಅದರ ಮುಂದೆ ಕೂತು ಕಣ್ಣೊರೆಸ್ಕೋಬೇಕು, ನಾನು ಪಕ್ಕದಲ್ಲಿ ಕಲ್ಲು ನುಂಗಿದ ಹಾಗೆ ಕೂತಿರ್ಬೇಕಾ? ಆಗೋದಿಲ್ಲ. ಇದನ್ನೇ ಉಳಿಸ್ತೀನಿ."

ಹೇಳಿದವಳೇ ಕಾರಿನ ಕೀ ತೆಗೆದುಕೊಂಡು ಸಾಕುಮೀನಿನ ಅಂಗಡಿಗೆ ಹೊರಟಳು. ಕಪಾಟಿನಲ್ಲಿದ್ದ ಔಷಧಿಯ ಶೀಶೆಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿ, 'ಎಲ್ಲ ರೋಗಕ್ಕೂ' ಎಂದು ಬರೆದಿದ್ದ ನೀಲಿ ಶೀಶೆಯನ್ನು ಆರಿಸಿದಳು. ಅಂಗಡಿಯ ಮುದುಕ ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವಂತೆ ತೆಗೆದುಕೊಂಡ.

"ಹವಳ ಇದೆ ಅಂದ್ಯಲ್ಲಮ್ಮ? ಇದನ್ನ ಹಾಕಿದ್ರೆ ಅದರ ಕಥೆ ಮುಗೀತು. ಇದರಲ್ಲಿ ತಾಮ್ರ ಇದೆ. ಮೀನು ತಡೆಯುತ್ತೆ, ಹವಳ ತಡೆಯೋದಿಲ್ಲ. ಒಂದು ಚೂರು ಸಾಕು."

ಕಸ್ತೂರಿಯ ಕಣ್ಣ ಮುಂದೆ ಬಂದದ್ದು ಅಡುಗೆಮನೆಯ ಕಟ್ಟೆ, ಅದರ ಮೇಲೆ ಥಳಥಳ ಹೊಳೆಯುವ ಕೊಡ. ಎರಡು ತಿಂಗಳು! ದಿನಾ ಎರಡು ಚೊಂಬು! ನೀರು ಆರುತ್ತದೆ, ತಾಮ್ರ ಆರುತ್ತದೆಯೇ? ಸೇರಿದ್ದೆಲ್ಲ ತೊಟ್ಟಿಯೊಳಗೇ ಕೂತಿದೆ. ಏನೇನೋ ಅಳೆದಳು, ಬರೆದಳು, ಇದೊಂದನ್ನು ಅಳೆಯಬೇಕೆಂದು ಹೊಳೆಯಲೇ ಇಲ್ಲ. ಅಕ್ಕರೆಯಿಂದ ತಾನೇ ಕೈಯಾರೆ ವಿಷ ಉಣಿಸಿದ್ದಳು.

ಕಾರಿನಲ್ಲಿ ಕೂತು ಐದು ನಿಮಿಷ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಅಂಗಡಿಯೊಳಗೆ ಹೋಗಿ ನೀರಿನ ವಿಷ ಹೀರುವ ಇದ್ದಿಲು ಒಂದು ಚೀಲ, ಇಪ್ಪತ್ತು ಲೀಟರಿನ ನಾಲ್ಕು ಕ್ಯಾನು ಕೊಂಡಳು.

ತೊಟ್ಟಿಯ ನೀರು ಬದಲಾಯಿಸಬೇಕು, ಅದೂ ಶುದ್ಧ ಸಮುದ್ರದ ನೀರಿಗೆ. ಸೆಮಾಫೋರ್ ಕಡಲತೀರಕ್ಕೆ ಮುಕ್ಕಾಲು ಗಂಟೆ ದಾರಿ. ಕಸ್ತೂರಿಗೆ ಲೈಸೆನ್ಸ್ ಸಿಕ್ಕಿ ಮೂರೇ ತಿಂಗಳಾಗಿತ್ತು. ಅಂಗಡಿ, ಲ್ಯಾಬು ಬಿಟ್ಟರೆ ಎಲ್ಲಿಗೂ ಓಡಿಸಿದವಳಲ್ಲ. ಪಂಚಾಕ್ಷರಿಗೆ ಆ ವಾರವೆಲ್ಲ ಡ್ಯೂಟಿ. ಭಾನುವಾರ ಬೆಳಿಗ್ಗೆ, ಹಿಂದಿನ ಲಾರಿಯವನು ಹಾರ್ನ್ ಬಾರಿಸಿದಾಗೆಲ್ಲ ಕನ್ನಡದಲ್ಲೇ ಬೈಯುತ್ತ, ಕಸ್ತೂರಿ ಸಮುದ್ರ ಮುಟ್ಟಿದಳು. ಕಡಲೊಳಕ್ಕೆ ಚಾಚಿದ್ದ ಜೆಟ್ಟಿಯ ಕಟ್ಟೆ ಮೇಲಿಂದ ಬಕೆಟ್ ಇಳಿಬಿಟ್ಟು, ಬಾವಿಯಿಂದ ಸೇದುವಂತೆ ಸೇದಿದಳು. ಮೀನು ಹಿಡಿಯುತ್ತ ಕೂತಿದ್ದವರು ಗಾಳ ಮರೆತು ಇವಳನ್ನೇ ನೋಡಿದರು.

ಮನೆಗೆ ಬಂದು ಆ ನೀರನ್ನು ಗಂಡನ ಹಳೆಯ ಪಂಚೆಯಲ್ಲಿ ಸೋಸಿ, ಹೀಟರ್ ಪಕ್ಕ ಇಟ್ಟು ಬೆಚ್ಚಗೆ ಮಾಡಿ, ತೊಟ್ಟಿಯ ನೀರಿನ ಮೂರನೇ ಒಂದು ಭಾಗ ಬದಲಾಯಿಸಿ, ಇದ್ದಿಲನ್ನು ಅದರ ಫಿಲ್ಟರಿಗೆ ತುಂಬಿದಳು. ದಿನಾ ಸೇರಿಸುವ ಸಿಹಿನೀರಿಗೆ ಪ್ಲಾಸ್ಟಿಕ್ ಬಕೆಟ್ ಬಂತು. ಇನ್ನು ಆ ಕೊಳೆತ ಅಂಚು ಉಳಿದಿತ್ತು.

"ಅದನ್ನ ಕೊಯ್ದು ತೆಗೀಬೇಕು ಕಣ್ರೀ. ಬಿಟ್ರೆ ಪೂರ್ತಿ ಹಬ್ಬುತ್ತೆ. ನೀವು ಸರ್ಜನ್ ತಾನೆ?"

"ನಾನು ಮನುಷ್ಯರ ಸರ್ಜನ್ ಮಾರಾಯ್ತಿ! ಇದಕ್ಕೆ ನಾಡಿ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಹಾಗಾದ್ರೆ ಬ್ಲೇಡ್ ಕೊಟ್ಟು ಪಕ್ಕದಲ್ಲಿ ನಿಂತ್ಕೊಳ್ಳಿ."

ಅವಳೇ ಕೊಯ್ದಳು. ಕೊಳೆತದ್ದನ್ನಷ್ಟೇ ತೆಗೆದರೆ ಸಾಲದು, ಚೆನ್ನಾಗಿರುವ ಭಾಗವೂ ಒಂದು ಬೆರಳಗಲ ಹೋಗಬೇಕೆಂದು ಪಂಚಾಕ್ಷರಿ ಪಕ್ಕದಿಂದ ಹೇಳುತ್ತಿದ್ದರು. ಗೋಪಾಲಕೃಷ್ಣರು ವರ್ಷಗಟ್ಟಲೆ ಬೆಳೆಸಿದ್ದನ್ನು ಕತ್ತರಿಸುವಾಗ ಅವಳಿಗೆ ಜೀವ ಹಿಂಡಿದಂತಾಯಿತು. ತಟ್ಟೆಯಷ್ಟಿದ್ದ ತಲೆ ಬಟ್ಟಲಿನಷ್ಟಾಯಿತು.

ಅಲ್ಲಿಂದ ಪ್ರತಿ ಭಾನುವಾರ, ಬುಧವಾರ ಸೆಮಾಫೋರ್. ಚಳಿಗಾಲದ ಗಾಳಿಗೆ ಕಿವಿ ಮರಗಟ್ಟುತ್ತಿತ್ತು, ಕ್ಯಾನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತು. ಜುಲೈ ಪೂರ್ತಿ ಹವಳ ಮಿಸುಕಲಿಲ್ಲ. ಹನ್ನೊಂದು ವರ್ಷದ ಮಗಳು ಪದ್ಮಾ, ಮೇಣದಂತೆ ಕಟ್ಟಿದ್ದ ಅದರ ಹೊರಪೊರೆ ನೋಡಿ, "ಅಮ್ಮಾ, ಇಟ್ಸ್ ಡೆಡ್," ಎಂದಾಗ, "ಸತ್ತಿದ್ರೆ ನಾರ್ತಿತ್ತು. ನಾರ್ತಿಲ್ಲ. ಹೋಗಿ ಹೋಮ್‌ವರ್ಕ್ ಮಾಡು," ಎಂದು ಗದರಿದಳು. ಚಾರ್ಟಿನಲ್ಲಿ ದಿನವೂ 'ಬದಲಾವಣೆ ಇಲ್ಲ' ಎಂದು ಬರೆದಳು. ಬರೆಯುವುದನ್ನು ಒಂದು ದಿನವೂ ಬಿಡಲಿಲ್ಲ.

ಆಗಸ್ಟ್ ಒಂಬತ್ತರಂದು ಆ ಪೊರೆ ಕಳಚಿತು. ಹತ್ತೊಂಬತ್ತರಂದು, ತಲೆಯ ನಡುವೆ ಸಾಸಿವೆ ಕಾಳಿನಷ್ಟು ಏನೋ ಚುಚ್ಚಿಕೊಂಡು ಹೊರಬಂದಿತ್ತು. ಕಸ್ತೂರಿ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ಒರೆಸಿ ಮತ್ತೆ ನೋಡಿದಳು.

"ರೀ! ಬನ್ರೀ ಇಲ್ಲಿ! ಬೆರಳು ಬಂತು!"

ಪಂಚಾಕ್ಷರಿ ಗಡ್ಡಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ಓಡಿ ಬಂದರು.

ಸೆಪ್ಟೆಂಬರ್ ಮೊದಲ ಶನಿವಾರ ಇಂದಿರಾ ಬಂದಿಳಿದಳು. ಏರ್‌ಪೋರ್ಟಿನಿಂದ ಮನೆಯವರೆಗೆ ಅವಳು ಹವಳದ ಸುದ್ದಿಯನ್ನೇ ಎತ್ತಲಿಲ್ಲ. ಅಮ್ಮನ ಮಂಡಿ ನೋವು, ಮೈಸೂರಿನ ಸೆಖೆ, ವಿಮಾನದ ಊಟ, ಏನೇನೋ ಮಾತು. ಒಳಗೆ ಬಂದವಳು ತೊಟ್ಟಿಯ ಕಡೆ ತಿರುಗದೆ ನೇರ ಅಡುಗೆಮನೆಗೆ ಹೋಗಿ ಕೂತಳು. ಕಸ್ತೂರಿಗೆ ತಡೆಯಲಾಗಲಿಲ್ಲ.

"ಇಂದಿರಾ, ಮೊದಲು ನನ್ನ ಮಾತು ಕೇಳು. ನಿನ್ನ ಹವಳಕ್ಕೆ ನಾನು ವಿಷ ಹಾಕ್ಬಿಟ್ಟೆ. ತಾಮ್ರದ ಕೊಡದ ನೀರು, ಎರಡು ತಿಂಗಳು. ಬೇಕೂಂತ ಅಲ್ಲ, ಆದ್ರೆ ಹಾಕಿದೋಳು ನಾನೇ."

ಇಂದಿರಾ ತಲೆ ತಗ್ಗಿಸಿ, ಬ್ಯಾಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಹೊಚ್ಚಹೊಸ ತಾಮ್ರದ ತಂಬಿಗೆ.

"ನಿಮ್ಮಮ್ಮ ಕೊಟ್ರು. 'ಹವಳಕ್ಕೆ ನೀರು ಹಾಕೋಕೆ ಅನುಕೂಲವಾಗ್ಲಿ' ಅಂದ್ರು. ನಿನ್ನ ಕಾಗದಾನೂ ತೋರಿಸಿದ್ರು. ಹೊರಡೋಕೆ ಐದು ದಿನ ಇತ್ತು ಅಷ್ಟೇ. ಟ್ರಂಕ್ ಕಾಲ್ ಬುಕ್ ಮಾಡಿ ಕೂತೆ, ಆಮೇಲೆ ನಾನೇ ಕ್ಯಾನ್ಸಲ್ ಮಾಡ್ಸಿದೆ. ಇಷ್ಟು ದಿನ ಆ ನೀರು ಕುಡಿದ ಮೇಲೆ ಇನ್ನೇನು ಉಳಿದಿರುತ್ತೆ? ಫೋನ್ ಮಾಡಿ ನಿನ್ನನ್ನ ಯಾಕೆ ಸಾಯಿಸ್ಲಿ ಅಂತ. ನಮ್ಮನೆಯವ್ರು ತೊಟ್ಟಿ ಹತ್ರ ತಾಮ್ರದ ನಾಣ್ಯ ಕೂಡ ಇಡೋಕೆ ಬಿಡ್ತಿರ್ಲಿಲ್ಲ." ಅವಳು ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು. "ಸೂಚನೆ ಬರೆದೋಳು ನಾನು. ಎರಡು ಪುಟದಲ್ಲಿ ಆ ಒಂದು ಮಾತು ಬರೆಯೋದು ಮರೆತೋಳೂ ನಾನೇ. ಅಳ್ಬಾರ್ದು, ನಿನ್ನನ್ನ ಏನೂ ಕೇಳ್ಬಾರ್ದು ಅಂತ ದಾರಿಯುದ್ದಕ್ಕೂ ನಿರ್ಧಾರ ಮಾಡ್ಕೊಂಡು ಬಂದೆ ಕಣೇ."

ಕಸ್ತೂರಿ ಗೆಳತಿಯ ರಟ್ಟೆ ಹಿಡಿದು ಎಬ್ಬಿಸಿ, ಹಾಲ್‌ಗೆ ಎಳೆದುಕೊಂಡು ಹೋಗಿ ತೊಟ್ಟಿಯ ಮುಂದೆ ನಿಲ್ಲಿಸಿದಳು.

ಬಟ್ಟಲಿನಷ್ಟೇ ಇತ್ತು ಹವಳ. ಒಂದು ಪಕ್ಕ ಕೊಯ್ದ ಗಾಯ ಮಾಗಿ ಸೊಟ್ಟಗಾಗಿತ್ತು. ಆದರೆ ಆ ಸೊಟ್ಟ ತಲೆಯ ತುಂಬ ಪುಟ್ಟ ಬೆರಳುಗಳು ಹೊರಬಂದು ಓಲಾಡುತ್ತಿದ್ದವು.

ಇಂದಿರಾ ಕುರ್ಚಿಗಾಗಿ ಕೈ ಚಾಚಿದಳು. ಕಸ್ತೂರಿ ಕುರ್ಚಿ ಎಳೆದು ಹಾಕಿದಳು. ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದ ಅಳುವನ್ನು ಇಂದಿರಾ ಅದರ ಮುಂದೆ ಕೂತು ಮನಸಾರೆ ಅತ್ತಳು. ಅದು ಅಳುವೋ ನಗುವೋ ಪಂಚಾಕ್ಷರಿಗೆ ತಿಳಿಯಲಿಲ್ಲ. ಏನು ಮಾಡಬೇಕೆಂದು ತೋಚದೆ ಹೊಸ ತಂಬಿಗೆಯಲ್ಲೇ ಕುಡಿಯುವ ನೀರು ತುಂಬಿ ತಂದರು.

"ಅದನ್ನ ತೊಟ್ಟಿಯಿಂದ ಆಚೆ ಇಡ್ರೀ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.