ಹುರಿದ ಮಣ್ಣು

ಕಾಲಡಿ ಮಣ್ಣು ಕೇಳಿದೋರನ್ನ ನಾನು ನಂಬೋಳಲ್ಲ. ಕೇಳಿದೋರು ಕಾಲೇಜು ಮೇಷ್ಟ್ರು ನಂಜುಂಡಯ್ಯನೋರೇ ಆಗಿರಲಿ.

ವಿದ್ಯಾರಣ್ಯಪುರಂ ಅಂಚಿನಲ್ಲಿ ನಮ್ಮ ಮಲ್ಲಿಗೆ ಹಿತ್ತಲು, ಆರು ಸಾಲು ಗಿಡ, ಅದೇ ನಮ್ಮ ಅನ್ನ. ಪಕ್ಕದ ಬಣ್ಣ ಮಾಡೋ ಶೆಡ್ಡಿನ ಫಿನಾಯಿಲ್ ನಾತದ ನೀರು ವರ್ಷಗಟ್ಟಲೆ ಮೋರಿ ಮೂಲೆಗೆ ಬೀಳ್ತಿತ್ತು. ಅರವತ್ತೊಂದರ ಮಳೆಗೆ ಉಕ್ಕಿ ಒಳಗೆಲ್ಲಾ ನುಗ್ಗಿತು. ನಾಲ್ಕು ಸಾಲು ಕರಟಿ ಹೋದವು. ಮೂಲೆಯ ಒಂಟಿ ಗಿಡ ಮಾತ್ರ ಆ ವಿಷದಲ್ಲೇ ನಿಂತು ಹೂ ಬಿಡ್ತಿತ್ತು.

ಅದರ ಬುಡದಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಆ ವಿಷವನ್ನೇ ತಿಂದು ಬದುಕೋದು ಕಲಿತಿವೆ, ಸೀಸೆಯಲ್ಲಿ ಬೆಳೆಸಿ ಮಿಕ್ಕ ಸಾಲುಗಳಿಗೂ ಬಿಡೋಣ, ಒಂದಿಷ್ಟು ಮಣ್ಣು ಕೊಡಿ ಅಂದ್ರು ಮೇಷ್ಟ್ರು. ವಿಷ ತಿನ್ನೋ ಜೀವಿಯಂತೆ! ಕಿವಿ ಮೇಲೆ ಹೂವಿಡೋಕೆ ಈ ಮನುಷ್ಯನಿಗೆ ಹೂವಿನೋಳೇ ಸಿಕ್ಕಿದ್ಲಾ? ಮೇಲೆ, ಸೀಸೆಗೆ ಚೀಟಿ ಅಂಟಿಸಿ ನನ್ನ ಹೆಸರು ಬೇರೆ ಬರೆದ್ರು. ನಾನು ದಿನಾ ತುಳಿಯೋ ಮಣ್ಣು, ನನ್ನ ಹೆಸರು ಎರಡೂ ಒಂದೇ ಕಡೆ. ಮಾಟಕ್ಕೆ ಇನ್ನೇನು ಬೇಕು?

ಬೆಳಿಗ್ಗೆ ಬನ್ನಿ, ನಾನೇ ತೆಗೆದಿಟ್ಟಿರ್ತೀನಿ ಅಂದೆ. ಹುರಿದ ಬೀಜ ಮೊಳೆಯಲ್ಲ, ಹುರಿದ ಮಣ್ಣಿಗೂ ಮಾಟ ಹತ್ತಲ್ಲ ಅಂತ ನಾದಿನಿ ಅಂಬುಜಮ್ಮ ಹೇಳಿದ್ಲು. ಬಾಣಲೆಗೆ ಹಾಕಿ ಹೊಗೆಯಾಡೋವರೆಗೂ ಹುರಿದೆ, ಆರಿಸಿ ಕೊಟ್ಬುಟ್ಟೆ. ಮೇಷ್ಟ್ರು ಕೈ ಮುಗಿದು ತಗೊಂಡು ಹೋದ್ರು.

ಹದಿನೈದು ದಿನಕ್ಕೆ ವಾಪಸ್ ಬಂದಾಗ ಅವರ ಮುಖ ಬಾಡಿತ್ತು. ಅಷ್ಟರಲ್ಲಿ ನನ್ನ ಐದನೇ ಸಾಲೂ ಬಾಡಿತ್ತು. ಮಣ್ಣಲ್ಲಿ ಒಂದು ಜೀವವೂ ಸಿಗಲಿಲ್ಲ, ಸುಮ್ಮನೆ ಆಸೆ ಹುಟ್ಟಿಸಿದೆ, ಕ್ಷಮಿಸಿ ಅಂದ್ರು. ಇದೂ ನಾಟಕವೇನೋ ಅಂತ ನಾನು ಅವರ ಕೈಯನ್ನೇ ನೋಡ್ತಾ ನಿಂತೆ. ಆ ಕೈ ಜೇಬಿನಿಂದ ಒಂದು ಪೊಟ್ಟಣ ತೆಗೀತು. ಉಳಿದ ಮಣ್ಣು, ಜೊತೆಗೆ ಸೀಸೆಯಿಂದ ಕಿತ್ತ ಆ ಚೀಟಿ.

"ನಿಮ್ಮದು ನಿಮ್ಮ ಹತ್ತಿರವೇ ಇರಲಿ ತಾಯಿ. ಕಾಲಡಿ ಮಣ್ಣು ಪರರ ಕೈಲಿ ಇರಬಾರದು ಅಂತ ನಮ್ಮಮ್ಮನೂ ಹೇಳೋರು."

ಮಾಟ ಮಾಡೋನು ಮಣ್ಣು ವಾಪಸ್ ಕೊಡ್ತಾನಾ? ನಾಚಿಕೆಯಿಂದ ಸತ್ತೇ ಹೋದೆ.

"ಮೇಷ್ಟ್ರೇ, ಅದನ್ನ ನಾನು ಹುರಿದಿದ್ದೆ."

ಅವರು ಜಗುಲಿ ಮೇಲೆ ಕೂತ್ಬುಟ್ರು. ಬೈಲಿಲ್ಲ. ಖಾಲಿ ಸೀಸೆ ಇದೆಯಾ ಅಂತಷ್ಟೇ ಕೇಳಿದ್ರು.

ಮೂಲೆಗೆ ಬರಿಗಾಲಲ್ಲಿ ಹೋಗಿ ಹಸಿ ಮಣ್ಣು ಬಗೆದು ತಂದೆ. ಆರನೇ ಸಾಲಿನ ತುದಿ ಎಲೆ ಆಗಲೇ ಹಳದಿಗೆ ತಿರುಗಿತ್ತು. ಮೇಷ್ಟ್ರು ನನ್ನ ಮುಖ ನೋಡಿ, ಚೀಟಿ ಮೇಲೆ ಬರೀ "ಮೋರಿ ಮೂಲೆ" ಅಂತ ಬರೆದ್ರು.

"ಹೆಸರೂ ಬರೀರಿ," ಅಂದೆ. "ಪುಟ್ಟತಾಯಮ್ಮ."