ಕಾಲರಿನ ಅಳತೆ

ಟೈಲರಂಗಡಿಯ ಕತ್ತರಿಯಮ್ಮನಿಗೆ ಮೂರು ದಿನದಿಂದ ಜ್ವರ. ಎದೆಯ ಮೇಲೆ ಎದ್ದ ಕೆಂಪು ದದ್ದು ಕುತ್ತಿಗೆಗೆ ಹತ್ತಿತ್ತು. ಅದನ್ನು ಮುಚ್ಚಲೆಂದೇ ಮೊನ್ನೆ ತನಗೆ ತಾನೇ ತುಂಬುತೋಳಿನ, ಎತ್ತರ ಕಾಲರಿನ ಅಂಗಿ ಹೊಲಿದುಕೊಂಡಿದ್ದಳು.

ಕೀಲುವಾತಕ್ಕೆ ಹೊಸ ಮಾತ್ರೆ ಶುರುವಾಗಿ ಇದು ನಾಲ್ಕನೇ ವಾರ. ಎರಡು ವರ್ಷದಿಂದ ಕೊಕ್ಕೆಯಾಗಿದ್ದ ಬೆರಳು ಬಿಚ್ಚಿಕೊಂಡು ಮತ್ತೆ ಕತ್ತರಿ ಹಿಡಿದಾಗ ಹೋದ ಜೀವ ಬಂದಂತಾಗಿತ್ತು. "ದದ್ದು, ಜ್ವರ ಬಂದ್ರೆ ಮಾತ್ರೆ ನಿಲ್ಸಿ, ಓಡಿ ಬನ್ನಿ" ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಅವಳದೋ ಜಾಣಕಿವುಡು. ಮಾತ್ರೆ ನಿಂತರೆ ಕೈ ನಿಲ್ಲುತ್ತದೆ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಇವತ್ತಿನದನ್ನೂ ನುಂಗಿಯೇ ಅಂಗಡಿಗೆ ಬಂದಿದ್ದಳು.

ಎದುರಿನ ಮಷೀನಿನಲ್ಲಿ ಕೂತಿದ್ದ ನಾದಿನಿ ಪೆಡಲು ನಿಲ್ಲಿಸಿದಳು. "ಅತ್ತಿಗೆ, ಮೇಲಿನ ಗುಂಡಿ ಯಾಕೆ ಹಾಕಿಲ್ಲ?"

"ಸೆಕೆ."

"ಸೆಕೆಗೆ ತುಂಬುತೋಳು ಹಾಕ್ತಾರಾ ಯಾರಾದ್ರೂ? ಹಾಕಿ, ನೋಡೋಣ."

ಗುಂಡಿ ಕಾಜಾದ ತೂತಿನವರೆಗೆ ಬರಲೇ ಇಲ್ಲ.

"ಅಳತೆ ತಪ್ಪಿರ್ಬೇಕು" ಎಂದಳು ಕತ್ತರಿಯಮ್ಮ. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು.

"ನಿಮ್ಮ ಅಳತೆ? ನನ್ನ ಅಳತೆ ತಪ್ಪಿದಾಗೆಲ್ಲ ತಲೆಗೆ ಮೊಟಕ್ತಿದ್ರಲ್ಲ!" ನಾದಿನಿ ನಗುತ್ತಲೇ ಅವಳ ಕುತ್ತಿಗೆಗೆ ಟೇಪು ಸುತ್ತಿದಳು. ಕಾಲರಿನೊಳಗೆ ಮೈ ಕೆಂಡದಂತಿತ್ತು, ದವಡೆಯ ಕೆಳಗೆ ಗಂಟುಗಳು ಕೈಗೆ ಸಿಕ್ಕವು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಅತ್ತಿಗೆಯ ಕಾಲರು ಹದಿನಾಲ್ಕು ಇಂಚು. ಟೇಪು ಹದಿನೈದೂವರೆ ತೋರಿಸುತ್ತಿತ್ತು.

ನಾದಿನಿಯ ನಗು ನಿಂತಿತು. "ಈಗ ನಿಜ ಹೇಳಿ. ಅಳತೆ ತಪ್ಪಿದ್ದೋ, ಮೈ ಊದಿದ್ದೋ?"

ಕತ್ತರಿಯಮ್ಮನಿಗೆ ಸಾವಿನ ಭಯಕ್ಕಿಂತ ಕೈ ಹೋಗುವ ಭಯವೇ ದೊಡ್ಡದಾಗಿತ್ತು. ಆದರೂ, ತನ್ನ ಅಳತೆ ತಪ್ಪಿತೆಂದು ಎರಡನೇ ಸಲ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಳತೆ ಸರಿ ಇತ್ತು ಕಣೆ" ಎಂದಳು.

ನಾದಿನಿ ಅಂಗಡಿಗೆ ಬೀಗವನ್ನೂ ಹಾಕದೆ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು. ಮಾತ್ರೆ ಮೈಗೆ ಒಗ್ಗದೆ ಲಿವರಿಗೂ ಪೆಟ್ಟು ಬಿದ್ದಿದೆ, ಇನ್ನೆರಡು ದಿನ ನುಂಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಆ ಮಾತ್ರೆಯನ್ನು ಇನ್ನು ಈ ಜನ್ಮದಲ್ಲಿ ಮುಟ್ಟುವಂತಿರಲಿಲ್ಲ. ಬೇರೆ ಔಷಧಿ ಏನಿದ್ದರೂ ಲಿವರು ಸುಧಾರಿಸಿದ ಮೇಲೆ.

ಊತ ಇಳಿಸಲು ಕೊಟ್ಟ, ಬೆರಳನ್ನೂ ಸಡಿಲವಾಗಿಟ್ಟಿದ್ದ ಔಷಧಿಯನ್ನು ವಾರವಾರವೂ ಕಡಿಮೆ ಮಾಡುತ್ತ ಬಂದರು. ಬೆರಳುಗಳು ಮೆಲ್ಲಗೆ ಮತ್ತೆ ಕೊಕ್ಕೆಯಾದವು.

ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ಅವಳು ಅದೇ ಅಂಗಿ ತೊಟ್ಟಳು. ಕಾಲರು ಕರಾರುವಾಕ್ಕಾಗಿ ಕೂತಿತು. "ನೋಡಿದ್ಯಾ? ಹದಿನಾಲ್ಕೇ!" ಎಂದು ಬೀಗುತ್ತ ಗುಂಡಿಗೆ ಕೈ ಹಾಕಿದಳು. ಒಂದು ಸಲ, ಎರಡು ಸಲ ಜಾರಿತು.

"ಗದ್ದ ಎತ್ತಿ" ಎಂದಳು ನಾದಿನಿ, ಗಿರಾಕಿಗಳಿಗೆ ಹೇಳುವ ದನಿಯಲ್ಲಿ. ಕತ್ತರಿಯಮ್ಮ ಗದ್ದ ಎತ್ತಿದಳು. ನಾದಿನಿ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಅತ್ತಿಗೆ ಅತ್ತುಬಿಟ್ಟಿದ್ದಳು.